ಶಾವಿಗೆಯ ಸುತ್ತ ಏಳು ವಡೆ

ತಿರುಮಲೇಶ ಸತ್ತ ಏಳು ತಿಂಗಳ ಮೇಲೆ, ವಿಜಯದಶಮಿಯ ಸಂಜೆ, ಪದ್ಮನಾಭನಗರದ ಅವನ ಮನೆಯ ತಾರಸಿಗೆ ಹೋದೆ. ಹದಿನೈದು ನಿಮಿಷದ ಕೆಲಸವೊಂದು ಬಾಕಿ ಇತ್ತು.

“ತಾರಸಿ ಅಂದ್ರೆ ತಾರೆ ಸಿಗೋ ಜಾಗ ಮಗಾ” ಅನ್ನುತ್ತಿದ್ದ. ಸಿಕ್ಕಿದ್ದು ಮಾತ್ರ ಒಂದು ಸತ್ತ ತಾರೆ. ಎಂದೋ ಸಿಡಿದ ನಕ್ಷತ್ರದ ಚೂರುಗಳು ಎಳೆ ಎಳೆಯಾಗಿ ಹರಡಿದ ನೆಬ್ಯುಲಾ ಅದು. ಪರದೇಶದವರು ಸ್ಪಗೆಟ್ಟಿ ಅಂದದ್ದನ್ನು ಇವನು ಶಾವಿಗೆ ಮಾಡಿಕೊಂಡಿದ್ದ. ಬೆಂಗಳೂರಿನ ಬೆಳಕಿನಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ. ಐದೈದು ನಿಮಿಷದ ನೂರಾರು ಫೋಟೋ ತೆಗೆದು ಒಂದರ ಮೇಲೊಂದು ಕೂಡಿಸಿದರೆ ಹೊಗೆಯಂತೆ ಮೂಡುತ್ತದೆ. ಎರಡು ಚಳಿಗಾಲ ಕೂತು ನಲವತ್ತೊಂದು ಗಂಟೆಯಷ್ಟು ಕೂಡಿಟ್ಟಿದ್ದ.

ಉಳಿದದ್ದು ಬಿಳಿ ಫೋಟೋ. ದೂರದರ್ಶಕದ ಬಾಯಿಗೆ ಬಿಳಿ ಬನಿಯನ್ ಬಿಗಿದು, ಸಂಜೆಯ ಆಕಾಶಕ್ಕೆ ತಿರುಗಿಸಿ, ಬರೀ ಬೆಳ್ಳಗಿನ ಮೂವತ್ತು ಚಿತ್ರ ತೆಗೆಯಬೇಕು. ಕ್ಯಾಮೆರಾದ ಗಾಜಿನ ಮೇಲೆ ಕೂತ ಧೂಳು ಪ್ರತಿ ಫೋಟೋದಲ್ಲೂ ಕಪ್ಪು ಉಂಗುರವಾಗಿ ಬೀಳುತ್ತದೆ. ಅವನ ಭಾಷೆಯಲ್ಲಿ ಅದು ಉದ್ದಿನವಡೆ. ವಡೆ ಎಲ್ಲೆಲ್ಲಿವೆ ಎಂದು ಬಿಳಿ ಫೋಟೋ ತೋರಿಸಿಕೊಟ್ಟರೆ ಕಂಪ್ಯೂಟರ್ ಅಳಿಸಿಬಿಡುತ್ತದೆ. ಆದರೆ ಅದೇ ಧೂಳು ಅದೇ ಜಾಗದಲ್ಲಿ ಇರಬೇಕು. ಹಾಗಾಗಿ ಎರಡು ವರ್ಷ ಅವನು ಕ್ಯಾಮೆರಾವನ್ನು ದೂರದರ್ಶಕದಿಂದ ಬಿಚ್ಚಿರಲಿಲ್ಲ.

ಫೆಬ್ರವರಿಯ ಕೊನೆಯ ಶನಿವಾರ ಫೋನ್ ಮಾಡಿದ್ದ. “ನಾಳೆ ಸಂಜೆ ಬಾರೋ ಮನು. ಬನಿಯನ್ ಹಿಡಿಯಕ್ಕೆ ಇನ್ನೊಂದು ಕೈ ಬೇಕು.”

ನಾನು ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಮೂಗಿನ ದನಿಯಲ್ಲಿ, “ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ” ಎಂದೆ. ಅವನು ಕೆಮ್ಮು ಬರುವಷ್ಟು ನಕ್ಕ. ನಾನು ಹೋಗಲಿಲ್ಲ. ಮಂಗಳವಾರ ಬೆಳಿಗ್ಗೆ ರಿಂಗ್ ರೋಡಿನಲ್ಲಿ ಬೈಕಿನಿಂದ ಬಿದ್ದ.

ಆಮೇಲೆ ಅವನ ತಾಯಿ ಕಾತ್ಯಾಯಿನಿ ಆಂಟಿ ತಿಂಗಳಿಗೊಮ್ಮೆ ಕೇಳುತ್ತಿದ್ದರು. “ಅವನ ಚಿತ್ರ ಏನಾಯ್ತೋ ಮನು?” ನಾನು “ಮುಂದಿನ ವಾರ ಆಂಟಿ” ಅನ್ನುತ್ತಿದ್ದೆ. ಆ ಮೆಟ್ಟಿಲು ಹತ್ತಲು ಕಾಲು ಬರುತ್ತಿರಲಿಲ್ಲ.

ಈಗ ಹತ್ತಿದ್ದೆ. ದೂರದರ್ಶಕಕ್ಕೆ ಸೇವಂತಿಗೆ ಹಾರ, ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಕಾಲುಗಳ ಕೆಳಗೆ ಒಂದೊಂದು ನಿಂಬೆಹಣ್ಣು. ಪಕ್ಕದ ಮಣೆಯ ಮೇಲೆ ಕ್ಯಾಮೆರಾ ಬೇರೆಯಾಗಿ ಕೂತಿತ್ತು.

“ನಿನ್ನೆ ಆಯುಧಪೂಜೆ ಅಲ್ವೇನೋ” ಅಂದರು ಆಂಟಿ. “ಸ್ಕೂಟರ್‌ಗೆ ಮಾಡಿದೆ, ಮಿಕ್ಸಿಗೆ ಮಾಡಿದೆ. ಇದಕ್ಕೆ ಮಾಡದೆ ಹೆಂಗಿರ್ಲಿ? ಅವನಿದ್ದಾಗ ಹತ್ರಕ್ಕೇ ಬಿಡ್ತಿರಲಿಲ್ಲ. ಕನ್ನಡಕದ ಬಟ್ಟೇಲಿ ಒಳಗೆಲ್ಲ ಒರೆಸಿದೀನಿ ನೋಡು. ಆ ಪುಟ್ಟ ಗಾಜೂ ಬಿಟ್ಟಿಲ್ಲ.”

ಗಾಜು ಫಳಫಳ ಹೊಳೆಯುತ್ತಿತ್ತು.

“ಸರಿಯಾಗಿ ಒರೆಸಿದೀನಾ?”

“ಸಖತ್ತಾಗಿದೆ ಆಂಟಿ.”

ಕ್ಯಾಮೆರಾ ಮತ್ತೆ ಜೋಡಿಸಿದೆ. ಆಂಟಿ ಕೆಳಗೆ ಹೋಗಿ ಅವನ ಬನಿಯನ್ ತಂದರು. ಇಸ್ತ್ರಿ ಮಾಡಿ ಇಟ್ಟಿದ್ದರು. ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಮೂವತ್ತು ಮುಗಿಯುವವರೆಗೂ ಅವರು ಕೈ ಅಲ್ಲಾಡಿಸಲಿಲ್ಲ. ಒಂದೂ ಪ್ರಯೋಜನಕ್ಕೆ ಬರುವುದಿಲ್ಲ ಎಂದು ಗೊತ್ತಿದ್ದೇ ತೆಗೆದೆ.

ಅವನ ಹಳೆಯ ಫೋಟೋಗಳನ್ನೆಲ್ಲ ಮನೆಗೆ ತಂದು ಕೂಡಿಸಿ ನೋಡಿದೆ. ಶಾವಿಗೆ ಬಂದಿತ್ತು, ಕೆಂಪಗೆ, ಎಳೆ ಎಳೆಯಾಗಿ. ಅದರ ಮೇಲೆ ಏಳು ವಡೆ. ಹೊಸ ಬಿಳಿ ಫೋಟೋ ಹಾಕಿದರೆ ಏಳರಲ್ಲಿ ಒಂದೂ ಹೋಗಲಿಲ್ಲ. ಹೊಸದಾಗಿ ಕೂತ ಕುಂಕುಮದ ಕಣವೇ ಇರಬೇಕು, ಹಳೆಯ ಚಿತ್ರದಲ್ಲಿಲ್ಲದ ಆ ವಡೆಯನ್ನು ಅಳಿಸಲು ಹೋಗಿ ಎಂಟನೆಯ ಉಂಗುರವೊಂದು ಬಿಳಿಯದಾಗಿ ಮೂಡಿತು. ಆ ಬಿಳಿ ಫೋಟೋಗಳನ್ನು ತೆಗೆದುಹಾಕಿದೆ. ಏಳು ವಡೆಯ ಚಿತ್ರವನ್ನೇ ಪ್ರಿಂಟ್ ಹಾಕಿಸಿ ದೀಪಾವಳಿಗೆ ಕೊಟ್ಟೆ.

ಆಂಟಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಒಂದು ಉಂಗುರದ ಮೇಲೆ ಬೆರಳಿಟ್ಟರು. “ಇದೇನೋ ಇದು?”

ಉತ್ತರ ಹೊರಟದ್ದು ನನ್ನ ದನಿಯಲ್ಲಲ್ಲ, ತಿರುಮಲೇಶನ ದನಿಯಲ್ಲಿ, ಕೊನೆಯಲ್ಲಿ ಸ್ವಲ್ಪ ಎಳೆದು, ಅವನು ತಪ್ಪು ಒಪ್ಪಿಕೊಳ್ಳುವಾಗ ಎಳೆಯುತ್ತಿದ್ದ ಹಾಗೆ: “ಧೂಳು ಕಣಮ್ಮಾ. ನಾನೇ ನೋಡ್ಕೊಳ್ಳಲಿಲ್ಲ.”

ಆಂಟಿ ತಲೆ ಎತ್ತಲಿಲ್ಲ. ಬೆರಳು ಆ ಉಂಗುರದ ಸುತ್ತ ಒಂದು ಸುತ್ತು ತಿರುಗಿತು.

“ಅದಕ್ಕೇ ಬಡ್ಕೊಂಡೆ, ಒರೆಸ್ತೀನಿ ಕೊಡೋ ಅಂತ” ಅಂದರು ಚಿತ್ರಕ್ಕೆ. “ಕೇಳಿದ್ಯಾ ನನ್ನ ಮಾತು? ಹೋಗ್ಲಿ ಬಿಡು, ಈಗ ಕ್ಲೀನ್ ಮಾಡಿದೀನಿ. ಮುಂದಿನ ಸಲ ಚೆನ್ನಾಗಿ ಬರುತ್ತೆ.”

“ಹೂಂ ಅಮ್ಮಾ” ಎಂದೆ, ಅದೇ ದನಿಯಲ್ಲಿ.