ಎರಡು ಕಡೆ ಬರೆದ ಪಟ್ಟಿ

ಗುಬ್ಬಿಯಲ್ಲಿ ಇಳಿದು ಒಂದು ಡಜನ್ ಹಸಿರು ಗಾಜಿನ ಬಳೆ ಕೊಂಡಾಗಲೂ ಅನುಪಮಾಗೆ ಧೈರ್ಯ ಬಂದಿರಲಿಲ್ಲ. ಚೇಳೂರಿನ ಬಸ್ಸಿನಲ್ಲಿ ಕೂತ ಮೇಲಂತೂ ತುಮಕೂರಿಗೆ ವಾಪಸ್ ಹೋಗಿಬಿಡೋಣ ಅನ್ನಿಸಿತು. ಹೋಗಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅವಳ ಸಂಕಟವೇ ಅದು.

ತುಮಕೂರಿನ ಸದಾಶಿವನಗರದ ಮನೆಯಲ್ಲಿ ಕೂತೇ ಅವಳು ಒಂದು ವಿಮಾ ಕಂಪನಿಯ ಹಳೆಯ ಮೇನ್‌ಫ್ರೇಮ್ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಹನ್ನೆರಡು ವರ್ಷದ ಅನುಭವ, ಜಂಬಕ್ಕೇನೂ ಕಡಿಮೆಯಿರಲಿಲ್ಲ. ಅದರಲ್ಲಿ ತಿಂಗಳಿಗೊಮ್ಮೆ ಓಡುವ ಒಂದು ಪ್ರೋಗ್ರಾಮಿಗೆ ಎರಡು ಹಂತ. ಮೊದಲನೆಯದು ತೀರಿಕೊಂಡವರ ಪಾಲಿಸಿ ನಂಬರುಗಳ ಪಟ್ಟಿ ಓದಿ ಪಾಲಿಸಿ ಮುಚ್ಚುತ್ತದೆ. ಎರಡನೆಯದು ಅದೇ ಪಟ್ಟಿ ಓದಿ ಮನೆಯವರಿಗೆ ಸಂತಾಪದ ಕಾಗದ ಅಚ್ಚು ಹಾಕುತ್ತದೆ. ಒಂದು ಹಂತದ ಕೆಳಗೆ ಬರೆದಿದ್ದು ಇನ್ನೊಂದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಪಟ್ಟಿಯನ್ನು ಒಂದು ಫೈಲಿಗೆ ಹಾಕಿ ಎರಡೂ ಅದನ್ನೇ ಓದುವಂತೆ ಮಾಡಬೇಕು. ಅರ್ಧ ಗಂಟೆಯ ಕೆಲಸ. ಅಷ್ಟಕ್ಕೂ ಸೋಮಾರಿತನ ಮಾಡಿ ಮಹಾತಾಯಿ ಎರಡೂ ಕಡೆ ಪಟ್ಟಿಯನ್ನೇ ಅಂಟಿಸಿದ್ದಳು. ಆಮೇಲೆ ಒಂದು ನಂಬರು ತಪ್ಪಿರುವುದು ಕಂಡಿತು. ಮೊದಲ ಹಂತದಲ್ಲಿ ತಿದ್ದಿದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದುಹೋದಳು. ಎರಡನೆಯದು ಹಾಗೇ ಉಳಿಯಿತು.

ಆ ತಪ್ಪು ನಂಬರು ಚೇಳೂರಿನ ಓಬಳಯ್ಯನದು. ಹಸು ನೋಡಿಬರಲು ಕುಣಿಗಲ್ ಕಡೆ ಹೋಗಿ ಎರಡು ದಿನವಾಗಿತ್ತು, ಫೋನು ಸ್ವಿಚ್ ಆಫ್. ಆಗ ಅವನ ಹೆಂಡತಿ ಚಿಕ್ಕಗಂಗಮ್ಮನಿಗೆ ಮೊಹರು ಬಿದ್ದ ಕಾಗದ ಬಂತು. ಪಕ್ಕದ ಮನೆಯವರು ಓದಿ ಹೇಳಿದರು. ಅವಳು ಕುಂಕುಮ ಒರೆಸಿಕೊಂಡು ಎರಡೂ ಕೈಯನ್ನು ಬಾಗಿಲ ಚೌಕಟ್ಟಿಗೆ ಬಡಿದು ಬಳೆ ಒಡೆದುಕೊಂಡಳು. ಸಂಜೆ ಓಬಳಯ್ಯ ಬಂದಿಳಿದಾಗ ಮನೆ ಮುಂದೆ ಜನ ಸೇರಿದ್ದರು.

ದೂರು ಬಂದ ದಿನ ಮ್ಯಾನೇಜರ್ ಲಕ್ಷ್ಮೀಕಾಂತ್ ಅನುಪಮಾಗೆ ಫೋನ್ ಮಾಡಿದ್ದರು. “ಮಿಷಿನ್ ತಪ್ಪು ಅಂತ ಅವ್ರಿಗೆ ಬರ್ದು ಕಳ್ಸಿದೀನಿ. ನೀವು ಸುಮ್ನಿದ್ಬಿಡಿ.” ಅವಳು ಎಂಟು ದಿನ ಸುಮ್ಮನಿದ್ದಳು. ಒಂಬತ್ತನೇ ದಿನ ಬಸ್ಸು ಹತ್ತಿದಳು.

ಚೇಳೂರಿನಲ್ಲಿ ಕಂಪನಿಯವಳು ಅಂದ ತಕ್ಷಣ ಓಬಳಯ್ಯ ಒಳಗೆ ಕರೆದು ಮಜ್ಜಿಗೆ ಕೊಟ್ಟ. “ಮಿಷಿನ್ನು ತಪ್ ಮಾಡ್ತಂತೆ, ಬುಡವ್ವ. ಅದುಕ್ಕೇನ್ ಗೊತ್ತಾಯ್ತದೆ?”

ಹೂಂ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅನುಪಮಾ ಲೋಟ ಕೆಳಗಿಟ್ಟಳು.

“ಮಿಷಿನ್ ಅಲ್ಲ ತಾತ. ನಾನು.”

ಓಬಳಯ್ಯ ಮುಖ ಆಚೆ ತಿರುಗಿಸಿದ. ಚಿಕ್ಕಗಂಗಮ್ಮ ಮಾತ್ರ ಅವಳನ್ನೇ ನೋಡಿದಳು. “ನೀನಾ? ಎಂಗ್ ಮಾಡ್ದೆ ಅದ?”

“ಪಟ್ಟಿ ಎರಡು ಕಡೆ ಬರ್ದಿದ್ದೆ ಅಜ್ಜಿ. ಒಂದ್ ಕಡೆ ತಿದ್ದಿ ಇನ್ನೊಂದ್ ಕಡೆ ಮರ್ತೆ. ಈಗ ಒಂದೇ ಕಡೆ ಇಟ್ಟಿದೀನಿ.” ಬಳೆ ಮುಂದಿಡುವಾಗ ಅವಳಿಗೆ ನಾಚಿಕೆಯಿಂದ ಸಾಯುವಂತಾಯಿತು.

ಮುದುಕಿ ಬಳೆಗಳನ್ನೊಮ್ಮೆ ನೋಡಿದಳು. ಆಮೇಲೆ ಎಡಗೈ ಚಾಚಿದಳು. ಅನುಪಮಾ ಆರು ಬಳೆ ತೊಡಿಸಿದಳು. ಬಲಗೈಯಲ್ಲಿ ಗಾಜು ಕೊಯ್ದ ಗಾಯಕ್ಕೆ ಬಟ್ಟೆ ಸುತ್ತಿತ್ತು; ಬಳೆಯ ಜಾಗದಲ್ಲಿ ಅರಿಶಿನದ ದಾರ ಕಟ್ಟಿದ್ದಳು.

ಉಳಿದ ಆರನ್ನು ಚಿಕ್ಕಗಂಗಮ್ಮ ಕಾಗದದಲ್ಲಿ ಸುತ್ತಿ ಅವಳ ಕೈಗೇ ವಾಪಸ್ ಇಟ್ಟಳು.

“ಗಾಯ ಮಾಗ್ಲಿ, ನೀನೇ ಬಂದು ತೊಡ್ಸು. ಒಂದ್ ಕಡೆ ಮಾಡಿ ಇನ್ನೊಂದ್ ಕಡೆ ಮರೆಯೋಳು ಕಣೇ ನೀನು. ಬತ್ತೀಯಾ?”