ಗೊಬ್ಬಳಿಹುಂಡಿಯ ಶಾಲೆಗೆ ಜಾಗ

ಗೊಬ್ಬಳಿಹುಂಡಿಗೆ ನಾನು ಬಂದದ್ದು ಗಂಡ ತೀರಿಕೊಂಡ ಮರುವರ್ಷ. ಅವರು ಪುಣಜನೂರಿನಲ್ಲಿ ಅರಣ್ಯ ಇಲಾಖೆಯ ಗುಮಾಸ್ತರಾಗಿದ್ದರು. ಕಾಡಿನ ಜ್ವರ ಬಂತು, ಹೋದರು. ನನಗೆ ಮೈಸೂರಿನಲ್ಲಿ ಓದಿದ ಬಿ.ಎ. ಇತ್ತು. ಬಿ.ಎ. ಆದವರು ಹಳ್ಳಿಯ ಪ್ರೈಮರಿ ಶಾಲೆಗೆ ಹೋಗುತ್ತಿರಲಿಲ್ಲ. ನಾನು ಹೋಗುತ್ತೇನೆ ಎಂದೆ. ಯಾವ ಊರು ಎಂದು ಕೇಳಲಿಲ್ಲ.

ಸಂತೆಮರಹಳ್ಳಿಯಲ್ಲಿ ಬಸ್ಸು ಇಳಿದು ಉಮ್ಮತ್ತೂರಿನ ದಿಕ್ಕಿಗೆ ನಡೆದರೆ ಸಿಗುವ ಊರು ಅದು. ಶಾಲೆಗೆ ಕಟ್ಟಡವಿರಲಿಲ್ಲ. ಬಸವಣ್ಣನ ಗುಡಿಯ ಜಗಲಿಯೇ ಶಾಲೆ. ಮೇಲಿನ ಬೀದಿಯ ಮಕ್ಕಳು ಜಗಲಿಯ ಮೇಲೆ ಕೂರುತ್ತಿದ್ದರು. ಕೆಳಗಿನ ಬೀದಿಯ ಮಕ್ಕಳು ಗುಡಿಯ ಪೌಳಿಯ ಹೊರಗೆ, ಹೊಂಗೆ ಮರದ ಕೆಳಗೆ. ನಾನು ಪೌಳಿಯ ಬಾಗಿಲಲ್ಲಿ ನಿಂತು ಪಾಠ ಹೇಳುತ್ತಿದ್ದೆ. ಜಗಲಿಯ ಮೇಲಿನ ಕರಿಹಲಗೆ ಮರದ ಕೆಳಗಿನವರಿಗೆ ಕಾಣುತ್ತಿರಲಿಲ್ಲ. ವರ್ಷದ ಪರೀಕ್ಷೆಯಲ್ಲಿ ಮೇಲಿನ ತರಗತಿಗೆ ಹೋದವರೆಲ್ಲ ಜಗಲಿಯವರು. ಮರದ ಕೆಳಗಿನವರು ಇದ್ದ ತರಗತಿಯಲ್ಲೇ ಉಳಿದರು. ಶಾಲೆಯ ಫಲಿತಾಂಶ ತೃಪ್ತಿಕರವಾಗಿಲ್ಲ ಎಂದು ಇನ್ಸ್‌ಪೆಕ್ಟರರು ಬರೆದು ಹೋದರು. ನಾನು ರುಜು ಹಾಕಿದೆ.

ಐವತ್ತಮೂರರ ಕೊನೆಯಲ್ಲಿ ಕಟ್ಟಡ ಮಂಜೂರಾಯಿತು. ಹೆಂಚು, ಮರ, ಗಾರೆಯವನ ಕೂಲಿ ಸರ್ಕಾರದ್ದು. ಜಾಗ ತೋರಿಸಿ ಅಡಿಪಾಯ ತೋಡಿ ಕೊಡುವುದು ಊರಿನ ಪಾಲು. ಮಾರ್ಚಿಯೊಳಗೆ ಊರಿನ ಪಾಲು ಆಗದಿದ್ದರೆ ಹಣ ಗುಂಡ್ಲುಪೇಟೆಯ ಕಡೆಯ ಬೇರೊಂದು ಹಳ್ಳಿಗೆ ಹೋಗುತ್ತದೆ.

ಶಾಲಾ ಕಮಿಟಿಯ ಅಧ್ಯಕ್ಷರು ಚಿಕ್ಕಬಸವಯ್ಯ, ಮೇಲಿನ ಬೀದಿಯ ಯಜಮಾನರು. ಸರ್ಕಾರದ ಹೊಸ ನಿಯಮದಂತೆ ಕೆಳಗಿನ ಬೀದಿಯಿಂದ ಪುಟ್ಟಮಾದಯ್ಯ ಎಂಬವರನ್ನೂ ಸೇರಿಸಿದ್ದರು. ಶಾಲೆಯ ಏಕೈಕ ಉಪಾಧ್ಯಾಯಿನಿಯಾದ್ದರಿಂದ ಕಾರ್ಯದರ್ಶಿ ನಾನು. ಸಭೆ ಜಗಲಿಯ ಮೇಲೆ ನಡೆಯಿತು. ಪುಟ್ಟಮಾದಯ್ಯ ಪೌಳಿಯ ಆಚೆ ಒಂದು ಕಲ್ಲಿನ ಮೇಲೆ ಕೂತು ಸಭೆಯಲ್ಲಿ ಭಾಗವಹಿಸಿದರು.

"ಗುಡಿ ಹಿಂದ್ಲು ಜಾಗ ನಂದೇಯ. ಧರ್ಮಕ್ಕೆ ಬುಟ್ಕೊಡ್ತೀನಿ. ಇನ್ಯಾನ ಬೇಕು?" ಎಂದರು ಚಿಕ್ಕಬಸವಯ್ಯ.

"ಕೊಡ್ತೀರಿ ಬುದ್ಧಿ, ದೊಡ್ ಮನ್ಸು," ಎಂದು ಆಚೆಯಿಂದ ಪುಟ್ಟಮಾದಯ್ಯ ಕೂಗಿದರು. "ಗುಡಿ ಮುಂದ್ಲಿಂದ ನಮ್ ಐಕ್ಳು ಬರಂಗಿಲ್ಲ. ಅಲ್ಗೆ ಓಗೋದೆಂಗೆ, ಆರ್ಕಂಡಾ?"

"ಬಳಸ್ಕಂಡು ಬರ್ಲಿ ಕಣ್ಲಾ."

"ಬಳಸ್ಕಂಡ್ ಬಂದ್ರೆ ನಿಮ್ ರಾಗಿ ಹೊಲ. ತುಳುದ್ರೆ ಬಾರ್‌ಕೋಲ್ ತಕ್ಕಂಡ್ ಬತ್ತೀರಿ."

ಜಗಲಿಯ ಮೇಲೆ ಇಬ್ಬರು ನಕ್ಕರು. ಚಿಕ್ಕಬಸವಯ್ಯ ತಿರುಗಿ ನೋಡಿದ ಮೇಲೆ ನಿಲ್ಲಿಸಿದರು.

ಪುಟ್ಟಮಾದಯ್ಯ ಕೇಳಿದ್ದು ಎರಡು ಬೀದಿಗಳ ನಡುವಿನ ಗೋಮಾಳವನ್ನು. ಅದು ಸರ್ಕಾರದ ನೆಲ, ಯಾರ ಗುಡಿಯೂ ಇಲ್ಲ. ಅಲ್ಲಿ ಕಟ್ಟಿದರೆ ಅವರ ಮಕ್ಕಳು ಸೂರಿನ ಕೆಳಗೆ ಕೂರಬಹುದು. ಗುಡಿಯ ಹಿಂದೆ ಕಟ್ಟಿದರೆ ಹೊಂಗೆ ಮರವೇ ಗತಿ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಮಾತು ಸಂಜೆಯವರೆಗೆ ಸುತ್ತಿತು. ಕೊನೆಗೆ ಚಿಕ್ಕಬಸವಯ್ಯ ಎದ್ದು ಹೆಗಲ ಮೇಲಿನ ವಲ್ಲಿ ಕೊಡವಿದರು.

"ನಿಮ್ದೂ ಬ್ಯಾಡ ನಮ್ದೂ ಬ್ಯಾಡ. ಬಸಪ್ಪನ್ನೇ ಕೇಳ್ಬುಡನ."

ಆ ಊರಿನಲ್ಲಿ ತೀರದ ವಿಷಯಕ್ಕೆಲ್ಲ ಹೂ ಕೇಳುತ್ತಿದ್ದರು. ಪೂಜಾರಿ ಗುರುಪಾದಸ್ವಾಮಿ ಎರಡು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಬಸವಣ್ಣನ ಎರಡು ಕೊಂಬಿನ ಬುಡಕ್ಕೆ ಅಂಟಿಸುತ್ತಿದ್ದ. ನೀರು ಆರಿದಂತೆ ಯಾವ ಹೂ ಮೊದಲು ಬೀಳುತ್ತದೋ ಅದು ದೇವರ ಮಾತು. ಬಲಕ್ಕೆ ಗುಡಿಯ ಹಿಂದಿನ ಜಾಗ, ಎಡಕ್ಕೆ ಗೋಮಾಳ ಎಂದು ನಿಶ್ಚಯವಾಯಿತು. ಬಲಗೊಂಬಿನ ಕಲ್ಲು ಎಣ್ಣೆ ಕುಡಿದು ಹೆಚ್ಚು ನುಣುಪಾಗಿತ್ತು. ಬೇಕಾದದ್ದನ್ನು ಬಲಕ್ಕೇ ಇಡುವುದು ರೂಢಿ.

ಸೋಮವಾರ ಬೆಳಿಗ್ಗೆ ಎಲ್ಲರೂ ಮಡಿಯುಟ್ಟು ಬಂದರು. ಗುರುಪಾದಸ್ವಾಮಿ ನನ್ನ ಬಳಿ ಬಂದು ನೆಲ ನೋಡುತ್ತ ಮಾತಾಡಿದ.

"ತಪ್ಪು ತಿಳ್ಕಬ್ಯಾಡಿ ಮೇಷ್ಟ್ರಮ್ಮಾ. ದಿನಾ ಪಾಠ ಮಾಡಕೆ ಅಡ್ಡಿಲ್ಲ. ಇವತ್ತೊಂದ್ ದಿನ... ಹೂ ಕೇಳೋ ಹೊತ್ನಲ್ಲಿ... ಒಸಿ ಆಚೆ..."

ಸರಿ ಎಂದೆ. ಪೌಳಿಯ ಆಚೆ ಹೋಗಿ ನಿಂತೆ. ಪುಟ್ಟಮಾದಯ್ಯ ಅಲ್ಲಿ ತಮ್ಮ ಕಲ್ಲಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದರು. ತಲೆವಸ್ತ್ರದಿಂದ ಇನ್ನೊಂದು ಕಲ್ಲಿನ ಧೂಳು ಹೊಡೆದರು.

"ನಿಮ್ಗೂ ಇಲ್ಲೇ ಜಾಗ್ವಾ ಅವ್ವಾರೇ?"

"ಇವತ್ತಿಗೆ."

"ಕೂತ್ಕಳಿ. ಇಲ್ಲಿ ಗಾಳಿ ಚೆನ್ನಾಗ್ ಬತ್ತದೆ."

ನಾನು ಕೂತೆ. ಒಳಗೆ ಗಂಟೆ ಬಾರಿಸಿದರು. ಬಲಗಡೆಯೇ ಬೀಳುತ್ತದೆಂದು ತಿಳಿದೂ ನೀವು ಯಾಕೆ ಒಪ್ಪಿದಿರಿ ಎಂದು ಕೇಳಿದೆ.

"ದ್ಯಾವ್ರ ಕೇಳ್ತೀವಿ ಅಂದಾಗ ಬ್ಯಾಡ ಅಂದ್ರೆ ಊರಲ್ಲಿ ಇರಕಾಯ್ತದಾ? ಬಲಕ್ಕೆ ಬಿದ್ರೂ ಬೀಳ್ಲಿ. ನಾನು ಬ್ಯಾಡ ಅಂದೆ ಅಂತ ಆಗ್ಬಾರ್ದು."

ನನ್ನ ಮದುವೆಗೂ ಹೂ ಕೇಳಿದ್ದರು. ಬಲಗಡೆ ತಟ್ಟನೆ ಬಿತ್ತಂತೆ. ಅಮ್ಮ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. ಈಗ ಹೇಳುವುದಿಲ್ಲ.

ಹೊತ್ತು ಏರಿತು. ಒಳಗಿನಿಂದ ಯಾವ ಸದ್ದೂ ಇಲ್ಲ. ಪುಟ್ಟಮಾದಯ್ಯ ಎಲೆ ಅಡಿಕೆ ಮುಗಿಸಿದರು.

"ಸರ್ಕಾರ್‌ದೋರು ಬಂದ್ರೆ ಯಾನ ನೋಡ್ತಾರೆ ಅವ್ವಾರೇ?"

"ಊರಿನ ಪಾಲಿನ ಕೆಲಸ ಆಗಿದೆಯೇ ಎಂದು ನೋಡುತ್ತಾರೆ. ಅಡಿಪಾಯ."

"ಗೋಮಾಳ ಯಾರ್ದು?"

"ಸರ್ಕಾರದ್ದು."

"ಸರ್ಕಾರದ್ ನೆಲ್ದಲ್ಲಿ ಸರ್ಕಾರದ್ ಸ್ಕೂಲ್ಗೆ ತೋಡಕೆ ಯಾರ್ನ ಕೇಳ್ಬೇಕು?"

"ಗೊತ್ತಿಲ್ಲ," ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಚಿಕ್ಕಬಸವಯ್ಯ ಹೊರಗೆ ಬಂದರು. ಮುಖ ಕೆಂಪಾಗಿತ್ತು. ಹಿಂದೆ ಗುರುಪಾದಸ್ವಾಮಿ.

"ಗಂಧ ತೇದು ಹಾಕು ಅಂದೋರು ನೀವೇಯ," ಎನ್ನುತ್ತಿದ್ದ ಪೂಜಾರಿ.

"ದ್ಯಾವ್ರಿಗೆ ಅಂದೆ. ಹೂವಿಗೆ ಅಂದ್ನಾ?"

ಆದದ್ದು ಇಷ್ಟು. ದೇವರು ಪ್ರಸನ್ನನಾಗಲಿ ಎಂದು ಚಿಕ್ಕಬಸವಯ್ಯ ಹಿಂದಿನ ದಿನವೇ ಶ್ರೀಗಂಧದ ಕೊರಡು ಕಳಿಸಿದ್ದರು. ಪೂಜಾರಿ ಅದನ್ನು ತೇದು ಮೈಗೆಲ್ಲ ಬಳಿದು, ಹೂವನ್ನೂ ನೀರಿನ ಬದಲು ಅದರಲ್ಲೇ ಅದ್ದಿ ಅಂಟಿಸಿದ್ದ. ಗಂಧ ಆರಿ ಗಟ್ಟಿಯಾಯಿತು. ಎರಡು ಹೂವೂ ಕೊಂಬಿಗೆ ಕಚ್ಚಿಕೊಂಡವು. ಹೂ ಬೀಳದಿದ್ದರೆ ದೇವರು ಮೌನ ಎಂದು ಅರ್ಥ. ಯುಗಾದಿ ಕಳೆಯುವವರೆಗೆ ಆ ಪ್ರಶ್ನೆಯನ್ನು ಮತ್ತೆ ಕೇಳುವಂತಿಲ್ಲ. ಯುಗಾದಿ ಆ ವರ್ಷ ಏಪ್ರಿಲ್ ತಿಂಗಳಲ್ಲಿತ್ತು. ಸರ್ಕಾರದ ವರ್ಷ ಮಾರ್ಚಿಗೇ ಮುಗಿಯುತ್ತದೆ.

ನಾನು ಅದನ್ನು ಚಿಕ್ಕಬಸವಯ್ಯನವರಿಗೆ ಹೇಳಿದೆ.

"ಸರ್ಕಾರಕ್ಕೆ ಬರೀರಿ. ಯುಗಾದಿಗಂಟ ತಡೀಲಿ."

"ತಡೆಯುವುದಿಲ್ಲ."

"ದ್ಯಾವ್ರೇ ತಡೀತಾವ್ನೆ, ಸರ್ಕಾರಕ್ಕೇನ್ ದೊಡ್ ರೋಗ?"

ಹೂವಿನ ವಿಷಯ ಬಿಟ್ಟು ನಾನು ಬರೆದೆ. ಉತ್ತರವಾಗಿ ಇನ್ಸ್‌ಪೆಕ್ಟರರು ತಾವೇ ಬರುವ ದಿನ ತಿಳಿಸಿದರು.

ಅವರು ಬರುವ ಹಿಂದಿನ ಕೆಲವು ದಿನ ಬೆಳಗಿನ ಜಾವಕ್ಕೇ ಹಾರೆಯ ಸದ್ದು ಕೇಳುತ್ತಿತ್ತು. ಕೆಳಗಿನ ಬೀದಿಯ ಗಂಡಸರು ಕೂಲಿಗೆ ಹೋಗುವ ಮುಂಚೆ ಗೋಮಾಳದಲ್ಲಿ ತೋಡುತ್ತಿದ್ದರು. ಹೆಂಗಸರು ಮಣ್ಣು ಹೊತ್ತರು. ನಾನು ಪಾಠಕ್ಕೆ ಹೋಗುವ ದಾರಿ ಅದೇ. ದಿನವೂ ನೋಡಿದೆ. ಬೇಡ ಎಂದು ಹೇಳಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಅವರು ಕೆರೆಯ ತೂಬಿನ ಕಾಲುವೆ ತೋಡುತ್ತಿದ್ದಾರೆಂದು ಚಿಕ್ಕಬಸವಯ್ಯ ತಿಳಿದಿದ್ದರಂತೆ.

ಇನ್ಸ್‌ಪೆಕ್ಟರರು ಸೈಕಲ್ಲಿನಲ್ಲಿ ಬಂದರು. ಗುಡಿಯ ಹಿಂದೆ ಕರೆದೊಯ್ಯಲು ಚಿಕ್ಕಬಸವಯ್ಯ ಕಾದು ನಿಂತಿದ್ದರು. ಆದರೆ ದಾರಿಯಲ್ಲೇ ತೋಡಿದ ಅಡಿಪಾಯ ಕಂಡಿತು. ಅವರು ಸೈಕಲ್ ಒರಗಿಸಿ, ಟೇಪು ತೆಗೆದು ಅಳೆದರು.

"ಚೆನ್ನಾಗಿ ತೋಡಿದ್ದೀರಿ. ಕೆಲಸ ಶುರುವಾಗಿದೆ ಎಂದು ಬರೆಯಬಹುದು."

"ಸ್ವಾಮಿ, ಇದು ಕಮಿಟಿ ಒಪ್ಪಿದ್ದಲ್ಲ!" ಚಿಕ್ಕಬಸವಯ್ಯ ಓಡುತ್ತಲೇ ಬಂದರು. "ಯಾರ್ ಯೋಳುದ್ರು ನಿಂಗೆ ತೋಡು ಅಂತ? ಯಾನ್ಲಾ ಪುಟ್ಟಮಾದ?"

ಪುಟ್ಟಮಾದಯ್ಯ ಹಾರೆ ಕೆಳಗಿಟ್ಟರು. "ಯಾರೂ ಯೋಳ್ನಿಲ್ಲ ಬುದ್ಧಿ. ದ್ಯಾವ್ರೂ ಯೋಳ್ನಿಲ್ಲ. ಸುಮ್ನೆ ಕೂತ್ಕಳ ಬದ್ಲು ತೋಡ್ತಾ ಇದ್ದೋ. ಯುಗಾದಿ ಆದ್ಮೇಲೆ ಬ್ಯಾಡ ಅಂದ್ರೆ ಮುಚ್ಬುಡ್ತೀವಿ."

"ಯುಗಾದಿಯವರೆಗೆ ಕಾದರೆ ಕಟ್ಟಲು ದುಡ್ಡೇ ಇರುವುದಿಲ್ಲ," ಎಂದರು ಇನ್ಸ್‌ಪೆಕ್ಟರರು. ಅವರಿಗೆ ಹೂವಿನ ಕಥೆ ಗೊತ್ತಿರಲಿಲ್ಲ. ನನ್ನ ಕಡೆ ತಿರುಗಿದರು. "ಕಾರ್ಯದರ್ಶಿಗಳು ನೀವಲ್ಲವೇ? ಕಮಿಟಿ ಏನು ತೀರ್ಮಾನಿಸಿದೆ?"

"ಏನೂ ತೀರ್ಮಾನಿಸಿಲ್ಲ."

"ಹಾಗಾದರೆ ಮುಖ್ಯೋಪಾಧ್ಯಾಯರ ಅಭಿಪ್ರಾಯದ ಮೇಲೆ ನಾನು ಬರೆಯಬಹುದು. ನಿಮ್ಮ ಅಭಿಪ್ರಾಯ?"

ಚಿಕ್ಕಬಸವಯ್ಯ ನನ್ನನ್ನು ನೋಡಿದರು. ನಾನು ಬಾಡಿಗೆಗಿದ್ದ ಕೋಣೆ ಅವರ ಅಣ್ಣನದು. ಕಮಿಟಿ ನನ್ನನ್ನು ಬೇಡ ಎಂದರೆ ವರ್ಗವಾಗುತ್ತದೆ ಎಂಬುದೂ ತಿಳಿದಿತ್ತು. ನನಗೆ ಭಯವಾಗಲಿಲ್ಲ, ಧೈರ್ಯವೂ ಆಗಲಿಲ್ಲ. ಪುಟ್ಟಮಾದಯ್ಯ ನನ್ನ ಕಡೆ ನೋಡದೆ ಹಾರೆಗೆ ಅಂಟಿದ ಮಣ್ಣನ್ನು ಬೆರಳಿನಿಂದ ಕೆರೆಯುತ್ತಿದ್ದರು. ನನ್ನ ಅಭಿಪ್ರಾಯ ಎಂಬುದನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. ಇದೆಯೇ ಎಂದು ನೋಡಿಕೊಂಡೆ. ಇತ್ತು.

"ಇಲ್ಲೇ ಆಗಲಿ," ಎಂದೆ.

ಇನ್ಸ್‌ಪೆಕ್ಟರರು ಅಲ್ಲೇ ಕೂತು ಬರೆದುಕೊಂಡು ಹೋದರು.

ಮರುದಿನ ಗುಡಿಯ ಬಾಗಿಲಿಗೆ ಬೀಗ. ಜಗಲಿಯ ಮೇಲೆ ಮುಳ್ಳು ಹಾಕಿದ್ದರು. ನಾನು ಕರಿಹಲಗೆ ಹೊರಿಸಿಕೊಂಡು ಗೋಮಾಳಕ್ಕೆ ಹೋದೆ. ಮೇಲಿನ ಬೀದಿಯ ಮಕ್ಕಳು ಬರಲಿಲ್ಲ. ಕೆಳಗಿನ ಬೀದಿಯವರು ತೋಡಿದ ಮಣ್ಣಿನ ಗುಡ್ಡೆಯ ಮೇಲೆ ಕೂತರು. ಹಲಗೆ ಅವರಿಗೆ ಕಂಡಿತು. ಹಲಗೆ ನೋಡಿ ಓದಲು ಅಭ್ಯಾಸವಿಲ್ಲದೆ ಕೆಲವರು ಕಣ್ಣು ಕಿರಿದು ಮಾಡಿದರು. ಹಾಜರಿ ಅರ್ಧಕ್ಕಿಂತ ಕೆಳಗಿಳಿಯಿತು. ಹೀಗೇ ಹೋದರೆ ಶಾಲೆಯೇ ಮುಚ್ಚುತ್ತದೆ ಎಂದು ನಾನು ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮೇಲಿನ ಬೀದಿಯಲ್ಲಿ ನಾಲ್ಕನೆಯ ತರಗತಿಯ ಹುಡುಗರಿದ್ದರು. ಪರೀಕ್ಷೆಗೆ ಕೂರಲು ನನ್ನ ರುಜು ಬೇಕು. ಮೊದಲು ಇಬ್ಬರು ಬಂದರು, ಆಮೇಲೆ ಒಬ್ಬೊಬ್ಬರೇ ಬಂದರು. ಮನೆಯಿಂದ ಚಾಪೆ ತಂದು ಬೇರೆಯಾಗಿ ಹಾಸಿಕೊಂಡರು.

ಗೋಡೆ ಮೊಣಕಾಲೆತ್ತರಕ್ಕೆ ಬಂದ ದಿನ ಚಿಕ್ಕಬಸವಯ್ಯ ಬಂದರು. ಸುತ್ತ ನಡೆದು ನೋಡಿದರು. ಕೊನೆಗೆ ನನ್ನ ಹತ್ತಿರ ನಿಂತರು.

"ಬಾಕ್ಲು ಎಲ್ಲಿ ಬತ್ತದೆ ಮೇಷ್ಟ್ರಮ್ಮಾ?"

ತೋರಿಸಿದೆ.

"ಒಂದೇ ಬಾಕ್ಲಾ?"

"ಪ್ಲಾನಿನಲ್ಲಿ ಒಂದೇ."

"ನಮ್ ಬೀದಿ ಕಡೀಕೆ ಇನ್ನೊಂದು ಬೇಕು."

"ಎರಡನೆಯದಕ್ಕೆ ಸರ್ಕಾರ ಹಣ ಕೊಡುವುದಿಲ್ಲ."

"ನಾನ್ ಕೊಡ್ತೀನಿ. ಬೀಟೆ ಮರದ್ದೇ ಹಾಕಿಸ್ತೀನಿ. ನಮ್ ಐಕ್ಳು ಅದ್ರಲ್ ಬರ್ಲಿ, ಅವ್ರು ಇದ್ರಲ್ ಬರ್ಲಿ. ಅಷ್ಟೇಯ."

ಗಾರೆಯವನು ಕೆಲಸ ನಿಲ್ಲಿಸಿ ನನ್ನನ್ನು ನೋಡಿದ. ಪುಟ್ಟಮಾದಯ್ಯ ಗಾರೆಯ ಬಾಣಲಿ ಇಳಿಸಿ ಬೆನ್ನು ನೆಟ್ಟಗೆ ಮಾಡಿದರು. ಅವರಿಗೆ ಕೋಪ ಬರುತ್ತದೆಂದು ನಾನು ತಿಳಿದೆ.

"ಹಾಕ್ಸಿ ಬುದ್ಧಿ," ಎಂದರು. "ಬೀಟೆದೇ ಹಾಕ್ಸಿ. ಗಾಳಿ ಚೆನ್ನಾಗ್ ಆಡ್ತದೆ."

ಚಿಕ್ಕಬಸವಯ್ಯ ಅವರ ಮುಖ ನೋಡಿದರು. ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. ಗಾರೆಯವನಿಗೆ ಬಾಗಿಲಿನ ಜಾಗ ಕಾಲಿನಿಂದ ಗೆರೆ ಎಳೆದು ತೋರಿಸಿ ಹೋದರು.

ಅಂದು ಸಂಜೆ ಇನ್ಸ್‌ಪೆಕ್ಟರರಿಗೆ ಕಾಗದ ಬರೆದೆ. ಬಾಗಿಲು ಎರಡು. ಎರಡನೆಯದರ ಖರ್ಚು ಊರಿನದು. ಒಳಗೆ ನಡುಗೋಡೆ ಇಲ್ಲ, ಮುಂದೆಯೂ ಕಟ್ಟುವಂತಿಲ್ಲ ಎಂದು ದಯವಿಟ್ಟು ಆದೇಶದಲ್ಲಿ ಸೇರಿಸಬೇಕು.

ಕೊನೆಯ ಸಾಲನ್ನು ಯಾರೂ ಬರೆಯಲು ಹೇಳಿರಲಿಲ್ಲ.