ನಾಲ್ಕನೆಯವಳ ಸೋರೆಬುರುಡೆ

ಊರಿನ ಸನ್ಮಾನ ಸಮಿತಿಯಲ್ಲಿ ಹನ್ನೊಂದು ಜನ. ಬಸ್ಸು ತಪ್ಪುತ್ತಿದ್ದರೂ ಓಡಿದವರಲ್ಲ, ಒಬ್ಬರೂ. ಅಧ್ಯಕ್ಷ ಚೆಬೊಯಿ ಹೋಟೆಲಿನ ಬಾಗಿಲು ದಾಟುವಾಗಲಂತೂ ಮೊದಲು ಹೊಟ್ಟೆ ದಾಟುತ್ತಿತ್ತು, ಆಮೇಲೆ ಅವನು. ಹುಡುಗಿಯರು ಚುಮುಚುಮು ಚಳಿಯಲ್ಲಿ ಕೆಮ್ಮಣ್ಣಿನ ದಾರಿ ತುಳಿದು ಓಡಬೇಕು, ಪರದೇಶದಲ್ಲಿ ಗೆಲ್ಲಬೇಕು, ಈ ಹನ್ನೊಂದು ಜನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬೇಕು. ಕೊಬಿಲೊ ಮುದುಕಿಗೆ ಇವರನ್ನು ಕಂಡರೆ ಮೈಯೆಲ್ಲ ಉರಿ.

ಈ ಸಲ ವಿಶ್ವ ಮ್ಯಾರಥಾನಿಗೆ ಹೋದವಳು ಅವಳ ತಮ್ಮನ ಮಗಳು ಜೆಲಗಾತ್, ಅವಳೇ ಸಾಕಿದ ಹುಡುಗಿ. ಪಕ್ಕದ ಮನೆಯ ಜೆಬಿವೊಟ್ ಕೂಡ ಹೋಗಿದ್ದಳು. ಗೆದ್ದು ಬಂದವರಿಗೆ ಊರಮುಂದೆ ಸೋರೆಬುರುಡೆಯಿಂದ ಮುರ್ಸಿಕ್ ಎಂಬ ಹುಳಿಹಾಲು ಕುಡಿಸಬೇಕು, ಅದೇ ಮರ್ಯಾದೆ. ಬುರುಡೆಯ ಒಳಗೆ ಇದ್ದಿಲು ತಿಕ್ಕಿ, ಕಾಯಿಸಿ ಆರಿಸಿದ ಹಾಲು ಹುಯ್ದು, ಮುಚ್ಚಿ, ಕಡಿಮೆಯೆಂದರೂ ವಾರ ಹುಳಿ ಬರಿಸಬೇಕು. ಆತುರಗಾರರ ಕೈಗೆ ಸಿಗುವ ವಸ್ತುವಲ್ಲ ಅದು. ಸಮಿತಿ ದೊಡ್ಡದೊಂದು ಬುರುಡೆ ತುಂಬಿಸಿಟ್ಟಿತ್ತು. ಕೊಬಿಲೊ ತನ್ನದೊಂದು ಚಿಕ್ಕದನ್ನು ಇಟ್ಟಿದ್ದಳು.

ಜೆಲಗಾತ್ ನಾಲ್ಕನೆಯವಳಾದಳು. ಜೆಬಿವೊಟ್ ಕಾಲು ಉಳುಕಿಸಿಕೊಂಡು ಹದಿನೇಳನೆಯವಳು. ಪದಕ ಇರುವುದು ಮೂವರಿಗೆ.

ಸಮಿತಿ ಹೋಟೆಲಿನ ಟಿವಿ ಆರಿಸಿತು, ಶಾಮಿಯಾನ ಬಿಚ್ಚಿಸಿತು. "ಮುರ್ಸಿಕ್ ಸುಮ್ಮನೆ ಕೆಟ್ಟುಹೋಗತ್ತೆ ಕಣ್ರಯ್ಯ" ಎಂದು ಚೆಬೊಯಿ ಮೊದಲ ಲೋಟ ಬಗ್ಗಿಸಿಕೊಂಡ. ಓಡಿದವಳಿಗೆಂದು ಇಟ್ಟದ್ದನ್ನು ಕೂತವರು ಕುಡಿದು ಮುಗಿಸಿದರು. ನಾಚಿಕೆ ಎನ್ನುವುದು ಅವರ ಬೀದಿಯಲ್ಲೂ ಸುಳಿದಿರಲಿಲ್ಲ.

ಜೆಲಗಾತ್ ನೈರೋಬಿಯಿಂದ ಫೋನು ಮಾಡಿದಳು. "ಅತ್ತೆ, ನಾನು ಇಲ್ಲೇ ಇದ್ದುಬಿಡ್ತೀನಿ. ಊರಿಗೆ ಯಾವ ಮುಖ ಇಟ್ಕೊಂಡು ಬರಲಿ?"

"ಹೋಗುವಾಗ ಇತ್ತಲ್ಲ, ಅದೇ ಮುಖ ಇಟ್ಕೊಂಡು ಬಾ" ಎಂದಳು ಕೊಬಿಲೊ. ಈಗ ತಲೆ ತಗ್ಗಿಸಿದರೆ ಹುಡುಗಿ ಮತ್ತೆ ಓಡುವವಳಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಹುಡುಗಿ ವ್ಯಾನಿನಿಂದ ಇಳಿಯುವ ಹೊತ್ತಿಗೆ ಮುದುಕಿ ಬುರುಡೆ ಹಿಡಿದು ಹೋಟೆಲಿನ ಎದುರಿಗೇ ನಿಂತಿದ್ದಳು. ಬಾಗಿಲಲ್ಲಿ ಕೂತಿದ್ದ ಚೆಬೊಯಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ.

"ನಾಲ್ಕನೆಯವಳಿಗೂ ಬುರುಡೇನಾ, ಅಜ್ಜಿ?" ಎಂದು ತರಕಾರಿಯವಳು ನಕ್ಕಳು.

"ಇಡೀ ಲೋಕದಲ್ಲಿ ಇವಳಿಗಿಂತ ಮುಂದೆ ಇರೋರು ಮೂರೇ ಜನ ಕಣೇ. ನಿನ್ನ ಗಂಡ ನೀರು ತರೋಕೂ ಬೈಕ್ ಹತ್ತುತಾನೆ. ಅವನು ಐದನೆಯವನಾದರೆ ಹೇಳು, ಅವನಿಗೂ ಇಡ್ತೀನಿ."

ಜೆಲಗಾತ್ ಕುಡಿಯುತ್ತ ಅತ್ತಳು. "ಅಳು, ಆದ್ರೆ ಚೆಲ್ಲಬೇಡ" ಎಂದಳು ಕೊಬಿಲೊ. ಹುಡುಗಿ ಒಂದು ತೊಟ್ಟೂ ಬಿಡಲಿಲ್ಲ.

ನಾಲ್ಕು ದಿನ ಕಳೆಯಿತು. ರೇಡಿಯೊದಲ್ಲಿ ಸುದ್ದಿ ಬಂತು: ಮೂರನೆಯವಳು ಉದ್ದೀಪನ ಮದ್ದು ತೆಗೆದುಕೊಂಡದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ, ಕಂಚು ಜೆಲಗಾತ್‌ಗೆ. ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ಮಾತ್ರ ಸಮಿತಿಯ ವೇಗಕ್ಕೆ ಎಣೆಯಿಲ್ಲ. ಅರ್ಧ ಗಂಟೆಯಲ್ಲಿ ಬಾವುಟ ಕಟ್ಟಿದ ಎರಡು ಕಾರು ಅಂಗಳಕ್ಕೆ ಬಂದವು.

"ಅಮ್ಮಾ, ನಮ್ಮ ಮಗಳು ಊರಿನ ಮಾನ ಉಳಿಸಿದಳು" ಎಂದ ಚೆಬೊಯಿ. "ಮಧ್ಯಾಹ್ನ ಪೇಪರಿನವರು ಬರ್ತಾರೆ. ನಿಮ್ಮ ಬುರುಡೆಯ ಮುರ್ಸಿಕ್ ಒಂದಿಷ್ಟು ಕೊಡಿ."

"ನಿಮ್ಮದೇನಾಯ್ತು?"

ಚೆಬೊಯಿ ನೆಲ ನೋಡಿದ. ಹೊಟ್ಟೆ ಅಡ್ಡವಿತ್ತು, ನೆಲ ಕಂಡಿರಲಿಕ್ಕಿಲ್ಲ. "ಖಾಲಿ ಆಯ್ತು."

"ನಮ್ಮದೂ ಖಾಲಿ. ಯಾರಿಗಿಟ್ಟಿದ್ದೆನೋ ಅವಳೇ ಕುಡಿದಳು."

"ಖಾಲೀದೇ ಕೊಡಿ. ಪ್ಯಾಕೆಟ್ ಹಾಲು ತಂದಿದ್ದೀವಿ. ಸುಮ್ಮನೆ ತುಟಿಗೆ ಹಿಡಿದ್ರಾಯ್ತು. ಫೋಟೊದಲ್ಲಿ ರುಚಿ ಯಾರಿಗೆ ಗೊತ್ತಾಗತ್ತೆ?"

ಮುದುಕಿಗೆ ಅವನ ಮೂತಿಗೆ ಉಗಿಯಬೇಕೆನಿಸಿತು. ಉಗಿಯಲಿಲ್ಲ. ಪದಕ ಹುಡುಗಿಯದು, ಅದರ ಸಂಭ್ರಮಕ್ಕೆ ಅವಳೆಷ್ಟು ಹಂಬಲಿಸಿದ್ದಳೋ. ಇವರು ಕರೆದರೆಂದು ಕಾರು ಹತ್ತಿಬಿಟ್ಟರೆ? ಕೊಬಿಲೊ ಹೆದರಿಕೊಂಡೇ ಕೊಟ್ಟಿಗೆಯ ಕಡೆ ತಿರುಗಿದಳು.

ಜೆಲಗಾತ್ ಹಾಲು ಕರೆದು ತಂಬಿಗೆ ಹಿಡಿದು ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಮಾವ, ಮೊನ್ನೆ ಪೇಪರು ಅಡ್ಡ ಹಿಡಿದು ಓದ್ತಿದ್ರಲ್ಲ, ಅದು ಮುಗೀತಾ?"

ಹುಡುಗಿ ಒಲೆಯ ಮೇಲೆ ಹಾಲಿಟ್ಟಳು. ಕೊಬಿಲೊಳ ಖಾಲಿ ಬುರುಡೆ ತೆಗೆದುಕೊಂಡು, ಇದ್ದಿಲು ತಿಕ್ಕಲು ಹೊಸ್ತಿಲಲ್ಲಿ ಕೂತಳು.

"ಇದು ಹದಕ್ಕೆ ಬರೋಕೆ ಇನ್ನೂ ವಾರ ಬೇಕಲ್ಲಮ್ಮ" ಎಂದ ಚೆಬೊಯಿ. "ಪೇಪರಿನವರು ಅಷ್ಟು ದಿನ ಕಾಯಲ್ಲ."

"ಕಾಯೋದು ಬೇಡ. ಇದು ನನಗಲ್ಲ" ಎಂದಳು ಜೆಲಗಾತ್, ತಲೆ ಎತ್ತದೆ. "ಜೆಬಿವೊಟ್ ಕಾಲು ವಾಸಿ ಆಗಿ ಮುಂದಿನ ವಾರ ಬರ್ತಾಳೆ. ಹದಿನೇಳನೆಯವಳು."